ಕಾರ್ಖಾನೆಯವನಿಗೂ ವ್ಯಸನಿಗೂ ಒಂದೇ ಸೆರೆಮನೆಯೇ?

2021ರಲ್ಲಿ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಗುಪ್ತವಾಗಿ ನಡೆಯುತ್ತಿದ್ದ ತಯಾರಿಕಾ ಘಟಕವೊಂದರ ಮೇಲೆ ಕೇಂದ್ರದ ಎನ್‌ಸಿಬಿ ದಾಳಿ ನಡೆಸಿ 90 ಕಿಲೋಗೂ ಅಧಿಕ ಅಲ್ಪ್ರಜೋಲಾಂ ವಶಪಡಿಸಿಕೊಂಡಿತು. ವೈದ್ಯರು ಮಿಲಿಗ್ರಾಂ ಲೆಕ್ಕದಲ್ಲಿ ಬರೆದುಕೊಡುವ ಔಷಧವದು. ನೆರೆಯ ತೆಲಂಗಾಣದಲ್ಲಿ ಅದನ್ನು ಸೇಂದಿಗೆ ಬೆರೆಸಿ ಬಡವರ ಗಂಟಲಿಗೆ ಸುರಿಯುವವರಿದ್ದಾರೆ.

ಇಂತಹ ವ್ಯಾಪಾರಿಗಳ ಬಗ್ಗೆ ನಮಗೆ ಯಾವ ಕನಿಕರವೂ ಇಲ್ಲ. ಅಲ್ಪ್ರಜೋಲಾಂ 100 ಗ್ರಾಂ ದಾಟಿದರೆ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ 10ರಿಂದ 20 ವರ್ಷ ಸಜೆ. ಅದು ನ್ಯಾಯವೇ. ನಮ್ಮ ತಕರಾರಿರುವುದು ಗಾಂಜಾ ಸೇದಿ ಸಿಕ್ಕಿಬಿದ್ದ ಮೊಹಲ್ಲಾದ ಹುಡುಗನ ವಿಷಯದಲ್ಲಿ. ಅವನಿಗೆ 27ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಆದರೆ ಅದೇ ಕಾಯ್ದೆಯಲ್ಲಿ ಇನ್ನೆರಡು ಬಾಗಿಲುಗಳಿವೆ. ವ್ಯಸನಿಯು ತಾನಾಗಿಯೇ ಸರಕಾರಿ ಅಥವಾ ಸರಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ 64-ಎ ಕಲಮು ಅವನನ್ನು ಮೊಕದ್ದಮೆಯಿಂದಲೇ ಪಾರುಮಾಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಅಪರಾಧ ಸಾಬೀತಾದ ಮೇಲೂ ಜೈಲಿನ ಬದಲು ಚಿಕಿತ್ಸೆಗೆ ಕಳುಹಿಸುವ ಅಧಿಕಾರವನ್ನು 39ನೇ ಕಲಮು ನ್ಯಾಯಾಲಯಕ್ಕೆ ಕೊಟ್ಟಿದೆ.

ಇದನ್ನು ಆ ಹುಡುಗನಿಗೆ ಹೇಳುವವರಾರು? ಠಾಣೆಯಲ್ಲಿ ಹೇಳುವುದಿಲ್ಲ. "ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡು" ಎನ್ನುವ ವಕೀಲರೂ ಹೇಳುವುದಿಲ್ಲ. ತಾಯಿ ಕಿವಿಯ ಓಲೆ ಅಡವಿಟ್ಟು ದಂಡ ಕಟ್ಟುತ್ತಾಳೆ. ಕೇಸು ಮುಗಿಯುತ್ತದೆ, ಚಟ ಮುಗಿಯುವುದಿಲ್ಲ. ಮುಂದಿನ ಸಲ ಅವನು ಪಕ್ಕದ ಮನೆಯ ವಿಧವೆಯ ಹೊಲಿಗೆ ಯಂತ್ರಕ್ಕೇ ಕೈಹಾಕುತ್ತಾನೆ.

ಆಗ ವಿಷಯ ಬೇರೆ. ಕಳ್ಳತನಕ್ಕೆ 64-ಎ ರಕ್ಷಣೆ ಕೊಡದು, ಕೊಡಲೂಬಾರದು. ಆ ವಿಧವೆಗೂ ನ್ಯಾಯ ಬೇಕಲ್ಲವೇ? ಆದರೆ ಇಲ್ಲಿಯೂ 1958ರ ಪ್ರೊಬೇಷನ್ ಕಾಯ್ದೆಯಿದೆ. 21 ವರ್ಷದೊಳಗಿನವನನ್ನು ಇಂತಹ ಅಪರಾಧಕ್ಕೆ ಜೈಲಿಗೆ ಹಾಕಬೇಕಾದರೆ ನ್ಯಾಯಾಧೀಶರು ಕಾರಣ ಬರೆದಿಡಬೇಕು. ಅಮಲು ಪದಾರ್ಥ ಮುಟ್ಟಬಾರದೆಂಬ ಷರತ್ತು ಹಾಕಿ, ಅಧಿಕಾರಿಯ ನಿಗಾದಲ್ಲಿರಿಸಿ ಬಿಡಬಹುದು. ನಷ್ಟಕ್ಕೊಳಗಾದವರಿಗೆ ಅವನಿಂದಲೇ ಪರಿಹಾರ ಕೊಡಿಸಬಹುದು. ಅವನನ್ನು ಸುಮ್ಮನೆ ಜೈಲಿಗೆ ತಳ್ಳಿದರೆ ವಿಧವೆಗೆ ಯಂತ್ರ ಮರಳಿ ಬರುತ್ತದೆಯೇ?

ಸರಕಾರವೂ ಉತ್ತರಿಸಬೇಕು. 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆಯ ಪ್ರಕಾರ, ಮಾದಕವಸ್ತುಗಳಿಗೆ ದಾಸರಾದವರಲ್ಲಿ ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 20ಕ್ಕೆ ಒಬ್ಬರು ಮಾತ್ರ. ಭಾಲ್ಕಿಯ, ಔರಾದಿನ ಬಡ ಕುಟುಂಬಕ್ಕೆ ಕೈಗೆಟಕುವ ದೂರದಲ್ಲಿ ಹಾಸಿಗೆಯೂ ಮನೋವೈದ್ಯರೂ ಇಲ್ಲದಿದ್ದರೆ 64-ಎ ಕಲಮು ಕಾಗದದಲ್ಲೇ ಉಳಿಯುತ್ತದೆ.

ಇನ್ನು ನಮ್ಮ ಮಾತು. ಮಗ ಹಾಳಾಗುತ್ತಿದ್ದಾನೆಂದು ತಿಳಿದರೂ ಮಗಳ ನಿಕಾಹ್ ಮುಗಿಯುವವರೆಗೆ ಮುಚ್ಚಿಡುವ ಮನೆಗಳು ನಮ್ಮಲ್ಲಿವೆ. ಬಯಲಾದ ಮರುದಿನದಿಂದ ಅವನ ಸಲಾಮಿಗೆ ಉತ್ತರಿಸದ ಹಿರಿಯರೂ ನಮ್ಮಲ್ಲಿದ್ದಾರೆ. ಮದ್ಯ ಸೇವಿಸಿ ಮತ್ತೆ ಮತ್ತೆ ಶಿಕ್ಷೆಗೊಳಗಾದವನನ್ನು ಒಬ್ಬರು ಶಪಿಸಿದಾಗ ಪ್ರವಾದಿಯವರು (ಸ) ತಡೆದರು, ಅವನು ಅಲ್ಲಾಹನನ್ನೂ ಆತನ ರಸೂಲರನ್ನೂ ಪ್ರೀತಿಸುವವನು ಎಂದರು. ಬುಖಾರಿಯ ಈ ಹದೀಸನ್ನು ಮದ್ರಸದಲ್ಲಿ ಓದಿದ ನಾವೇ ಮಿಂಬರಿನಿಂದ ಎಷ್ಟು ಸಲ ಹೇಳಿದ್ದೇವೆ? ಅಲ್ಲಿ ಶಿಕ್ಷೆ ತಪ್ಪಲಿಲ್ಲ. ಆದರೆ ಶಿಕ್ಷೆ ಪಡೆದವನು ಜಮಾಅತಿನಿಂದ ಹೊರಗಾಗಲೂ ಇಲ್ಲ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಬಡವರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ. ಮಸೀದಿ ಕಮಿಟಿಗಳು ಆ ಕಚೇರಿಯ ವಿಳಾಸವನ್ನು ನಮಾಝಿನ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಲಿ. ಹುಡುಗ ಠಾಣೆ ಸೇರಿದ ರಾತ್ರಿ ಅವನ ತಂದೆಯೊಡನೆ ಅಲ್ಲಿಗೆ ಹೋಗಲು ಇಬ್ಬರನ್ನು ಈಗಲೇ ನೇಮಿಸಲಿ.