ಗುಳಿಗೆಯೊಡನೆ ಒಂದು ತುತ್ತು



ಬದುಕಿರುವುದು ಬೇರೆ, ಬಾಳುವುದು ಬೇರೆ. ಅರಿಸ್ಟಾಟಲನ ಕಾಲದಿಂದಲೂ ತತ್ತ್ವಶಾಸ್ತ್ರವು ಈ ಭೇದವನ್ನು ಗುರುತಿಸುತ್ತ ಬಂದಿದೆ. ಎಚ್.ಐ.ವಿ. ಸೋಂಕಿತರ ವಿಷಯದಲ್ಲಿ ನಮ್ಮ ಸಮಾಜವು ಮೊದಲನೆಯದನ್ನು ಬಹುಮಟ್ಟಿಗೆ ಸಾಧಿಸಿದೆ. ಎರಡನೆಯದರ ಹೊಸ್ತಿಲಲ್ಲಿ ನಿಂತಿದೆ.

1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ಸಂಗಡಿಗರು ಭಾರತದ ಮೊದಲ ಪ್ರಕರಣಗಳನ್ನು ಪತ್ತೆಹಚ್ಚಿದಾಗ ಈ ಸೋಂಕಿಗೆ ಅಂಗೀಕೃತ ಮದ್ದು ಒಂದೂ ಇರಲಿಲ್ಲ. 2004ರ ಏಪ್ರಿಲ್ 1ರಿಂದ ಸರ್ಕಾರವು ಎ.ಆರ್.ಟಿ. ಔಷಧವನ್ನು ಉಚಿತವಾಗಿ ನೀಡತೊಡಗಿತು. ಆ ಯೋಜನೆ ಆರಂಭಗೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಂದು ಗುಳಿಗೆಯನ್ನು ತಪ್ಪದೆ ಸೇವಿಸುವವರು ದೀರ್ಘಕಾಲ ದುಡಿದು ಬದುಕಬಲ್ಲರು. ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕುಗ್ಗಿದವರಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ಹರಡುವುದಿಲ್ಲ.

ಆದರೆ ಗುಳಿಗೆ ವೈರಾಣುವನ್ನು ಅಡಗಿಸೀತೇ ಹೊರತು ಹಸಿದ ಹೊಟ್ಟೆಯನ್ನು ತುಂಬಿಸದು. ಈ ಸೋಂಕು ಕರುಳಿನ ಹೀರುವ ಶಕ್ತಿಯನ್ನು ಕುಂದಿಸುತ್ತದೆ. ಬಾಯಿಹುಣ್ಣು, ಭೇದಿ, ಜ್ವರ, ಕ್ಷಯಗಳು ಜೊತೆಗೂಡಿದರೆ ಉಂಡದ್ದೂ ಮೈಗೂಡದು. ಮೈ ಸೊರಗಿದಂತೆ ರೋಗನಿರೋಧಕ ಶಕ್ತಿಯೂ ಸೊರಗುತ್ತದೆ. ಅದು ಸೊರಗಿದಂತೆ ಹೊಸ ರೋಗಗಳು ಬಂದು ಮೈಯನ್ನು ಇನ್ನಷ್ಟು ಕೃಶಗೊಳಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2003ರಲ್ಲಿ ತಿಳಿಸಿದಂತೆ, ರೋಗಲಕ್ಷಣವಿಲ್ಲದ ಸೋಂಕಿತ ವಯಸ್ಕರಿಗೆ ಇತರರಿಗಿಂತ ಶೇಕಡ 10ರಷ್ಟು ಹೆಚ್ಚು ಆಹಾರಶಕ್ತಿ ಬೇಕು. ಲಕ್ಷಣಗಳು ತೋರಿದಾಗ ಶೇಕಡ 20ರಿಂದ 30ರಷ್ಟು. ತೂಕ ಕಳೆದುಕೊಳ್ಳುತ್ತಿರುವ ಮಕ್ಕಳಿಗೆ ಶೇಕಡ 50ರಿಂದ 100ರಷ್ಟು. ಕೂಲಿಯೇ ಆಧಾರವಾಗಿರುವ ಮನೆಯಲ್ಲಿ ಈ ಹೆಚ್ಚಿನ ತುತ್ತು ಎಲ್ಲಿಂದ ಬರಬೇಕು? ಅಲ್ಲಿಯ ತಾಯಿ ಮಕ್ಕಳಿಗೆ ಬಡಿಸಿ, ಉಳಿದರೆ ತಾನು ಉಣ್ಣುವವಳು. ಗುಳಿಗೆ ನುಂಗಬೇಕಾದವಳೂ ಅವಳೇ.

ಇದಕ್ಕೆ ದುಬಾರಿ ಡಬ್ಬಿಗಳ ಪುಡಿ ಬೇಕಿಲ್ಲ. ರಾಗಿ, ಹೆಸರುಕಾಳು, ಹುರುಳಿ, ಕಡಲೆಕಾಯಿ, ಚೆನ್ನಾಗಿ ಬೇಯಿಸಿದ ಮೊಟ್ಟೆ ಮೀನುಗಳು, ನುಗ್ಗೆಸೊಪ್ಪು, ಬಾಳೆ, ಪರಂಗಿ, ಕುದಿಸಿ ಆರಿಸಿದ ನೀರು ಇವು ನಮ್ಮ ಸಂತೆಯಲ್ಲೇ ಸಿಗುವಂಥವು. ಡೊಲುಟೆಗ್ರಾವಿರ್ ಇರುವ ಇಂದಿನ ಗುಳಿಗೆಯನ್ನು ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಯೊಡನೆ ಬರಿಹೊಟ್ಟೆಯಲ್ಲಿ ನುಂಗಿದರೆ ಔಷಧವು ಪೂರ್ತಿಯಾಗಿ ರಕ್ತಕ್ಕೆ ಸೇರದು. ಊಟದೊಡನೆ ಸೇವಿಸಿದರೆ ಆ ತೊಡಕಿಲ್ಲ. ಚೇತರಿಸಿಕೊಂಡ ಮೇಲೆ ಕೆಲವರ ತೂಕ ಮಿತಿಮೀರುವುದೂ ಉಂಟು. ಆಗ ಸಕ್ಕರೆ, ಎಣ್ಣೆಗಳಲ್ಲಿ ಹಿಡಿತ ಬೇಕು.

ಆಹಾರವು ಔಷಧದ ಸ್ಥಾನವನ್ನು ಆಕ್ರಮಿಸಲೂಬಾರದು. 2006ರಲ್ಲಿ ಟೊರಾಂಟೊ ನಗರದ ಏಡ್ಸ್ ಸಮ್ಮೇಳನದಲ್ಲಿ ದಕ್ಷಿಣ ಆಫ್ರಿಕದ ಮಳಿಗೆಯು ಬೆಳ್ಳುಳ್ಳಿ, ನಿಂಬೆ, ಬೀಟ್‌ರೂಟ್‌ಗಳನ್ನು ಪ್ರದರ್ಶಿಸಿ ಜಗತ್ತಿನ ಟೀಕೆಗೆ ಗುರಿಯಾಯಿತು. ಅಲ್ಲಿ ಎ.ಆರ್.ಟಿ.ಯನ್ನು ತಡಮಾಡಿದ್ದರಿಂದ 3,30,000ಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್ ಸಂಶೋಧಕರು 2008ರಲ್ಲಿ ಅಂದಾಜಿಸಿದರು. ತುತ್ತು ಗುಳಿಗೆಯ ಜೊತೆಗಿರಬೇಕು, ಅದರ ಬದಲಿಗಲ್ಲ.

ಮನುಷ್ಯನು ಬಾಡಿಗೆಮನೆಯಲ್ಲಿ ತಂಗಿದವನಂತೆ ದೇಹದಲ್ಲಿ ವಾಸಿಸುವ ಆತ್ಮವಲ್ಲ. ದೇಹಾತ್ಮಗಳೆರಡೂ ಕೂಡಿದ ಒಂದೇ ಜೀವವೆಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಹಾಗಿರುವಾಗ ದೇಹಕ್ಕೆ ಅನ್ನವಿಕ್ಕಿ ಮನಸ್ಸಿಗೆ ಅವಮಾನವಿಕ್ಕಿದರೆ ಯಾರಿಗೆ ಉಣಿಸಿದಂತಾಯಿತು? ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ ಈ ಸೋಂಕು ತಗಲದು. ಆದರೂ ಎಷ್ಟೋ ಮನೆಗಳಲ್ಲಿ ಸೊಸೆಗೊಂದು ಬೇರೆ ತಟ್ಟೆ ಗೋಡೆಯ ಮೂಲೆಯಲ್ಲಿ ಕಾಯುತ್ತಿರುತ್ತದೆ. ಆ ತಟ್ಟೆಯಲ್ಲಿ ಮೊಟ್ಟೆಯನ್ನೇ ಇಟ್ಟರೂ ಅದು ಬಾಳಿಗೆ ಪುಷ್ಟಿ ಕೊಡದು.

ಇಲ್ಲೊಂದು ಇಕ್ಕಟ್ಟಿದೆ. ನೆರವಾಗಬೇಕಾದರೆ ಯಾರಿಗೆ ಸೋಂಕಿದೆಯೆಂದು ತಿಳಿಯಬೇಕು. ತಿಳಿದದ್ದು ನಾಲ್ಕು ಮನೆಗೆ ಹಬ್ಬಿದರೆ ನೆರವೇ ಗಾಯವಾಗುತ್ತದೆ. 2017ರ ಎಚ್.ಐ.ವಿ. ಕಾಯಿದೆ ಈ ಗೋಪ್ಯತೆಯನ್ನು ರಕ್ಷಿಸುತ್ತದೆ. ಆದ್ದರಿಂದ ನಮ್ಮ ಧರ್ಮಕೇಂದ್ರಗಳ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಂಥ ಸಂಘಗಳು ‘ರೋಗಿಗಳ ಪಟ್ಟಿ’ ಮಾಡದಿರಲಿ. ಅಗತ್ಯವಿರುವ ಎಲ್ಲ ಕುಟುಂಬಗಳಿಗೂ ಕೊಡುವ ಅಕ್ಕಿಯ ಚೀಲದಲ್ಲೇ ಬೇಳೆ, ಕಡಲೆಕಾಯಿ, ರಾಗಿಹಿಟ್ಟುಗಳನ್ನು ಸೇರಿಸಲಿ. ಹೇಳಿಕೊಳ್ಳಲಾರದವರೂ ಏನನ್ನೂ ಹೇಳದೆ ಪಡೆಯುವಂತಾಗಲಿ. ತಿಂಗಳಿಗೆ 35 ಕಿಲೋ ಧಾನ್ಯ ನೀಡುವ ಅಂತ್ಯೋದಯ ಪಡಿತರ ಚೀಟಿಯಲ್ಲಿ ಬಡ ಸೋಂಕಿತರ ಕುಟುಂಬಗಳನ್ನು ಸೇರಿಸಬೇಕೆಂದು ಕೇಂದ್ರ ಸರ್ಕಾರವು 2009ರಲ್ಲೇ ಸೂಚಿಸಿದೆ. ಅರ್ಜಿ ಬರೆಯಲು ಬಾರದವರಿಗೆ ನಮ್ಮ ವಿದ್ಯಾವಂತ ಯುವಜನರು ಕೈಜೋಡಿಸಲಿ.

ಯಾಯೀರನ ಮಗಳು ಮರಳಿ ಕಣ್ತೆರೆದಾಗ, ಅವಳಿಗೆ ತಿನ್ನಲು ಏನಾದರೂ ಕೊಡುವಂತೆ ಪ್ರಭು ಯೇಸು ಹೇಳಿದುದನ್ನು ಸಂತ ಮಾರ್ಕರು ಮರೆಯದೆ ಬರೆದಿಟ್ಟಿದ್ದಾರೆ. ಪವಾಡವು ಪ್ರಭುವಿನದು, ಊಟದ ಹೊಣೆಯನ್ನು ಮನೆಯವರಿಗೆ ಬಿಟ್ಟರು. ಔಷಧವು ಎಷ್ಟೋ ಮಂದಿಯನ್ನು ಮರಳಿ ಎಬ್ಬಿಸಿದೆ. ಅವರಿಗೆ ಬಡಿಸಬೇಕಾದವರು ನಾವು. ನಮ್ಮದೇ ಪಂಕ್ತಿಯಲ್ಲಿ, ನಮ್ಮದೇ ತಟ್ಟೆಗಳಲ್ಲಿ.