ಗಂಡನ ಮಾಸಾಶನ, ಹೆಂಡತಿಯ ದುಡಿಮೆ

2023ರ ದಸರೆ ಕಳೆದ ವಾರ. ನಮ್ಮ ಸ್ತ್ರೀಶಕ್ತಿ ಸಂಘದ ಸಭೆಗೆ ಒಬ್ಬ ಸದಸ್ಯೆ ತಡವಾಗಿ ಬಂದಳು. ಉಳಿತಾಯದ ಹಣವನ್ನು ಪುಸ್ತಕದ ಮೇಲಿಟ್ಟು, ಯಾರ ಮುಖವನ್ನೂ ನೋಡದೆ, "ಗಾರ್ಮೆಂಟ್ಸ್ ಬುಟ್ಬುಟ್ಟೆ ಮೇಡಂ" ಎಂದಳು. ಏಕೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವಳ ಗಂಡ ಗಾರೆ ಕೆಲಸದವನು. 2019ರಲ್ಲಿ ಕಟ್ಟುತ್ತಿದ್ದ ಮನೆಯ ಸಾರುವೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ. "ಒಳ್ಳೇದಾಯ್ತು ಕಣವ್ವ, ಗಂಡನ ಸೇವೆಗಿಂತ ದೊಡ್ಡದು ಇನ್ನೇನದೆ" ಎಂದು ಹಿರಿಯ ಸದಸ್ಯೆಯೊಬ್ಬರು ಹೇಳಿದರು. ಉಳಿದವರು ತಲೆಯಾಡಿಸಿದರು. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಅದೇ ಮಾತನ್ನು ಇಪ್ಪತ್ತು ವರ್ಷದ ಹಿಂದೆ ನನಗೂ ಹೇಳಿದ್ದರು.

ನಾನು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವಳು. ನಿವೃತ್ತಳಾಗಿ ಐದು ವರ್ಷವಾಯಿತು. 2003ರಲ್ಲಿ ನನ್ನ ಗಂಡನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಖಾಸಗಿ ಕಂಪನಿಯ ನೌಕರಿಯೂ ಹೋಯಿತು. ನನಗಾಗ ನಲವತ್ತಮೂರು ವರ್ಷ. "ರಾಜೀನಾಮೆ ಕೊಟ್ಟು ಅವನನ್ನು ನೋಡಿಕೋ. ನಿನಗೆ ಸಂಬಳ ದೊಡ್ಡದೋ, ತಾಳಿ ದೊಡ್ಡದೋ?" ಎಂದು ಅತ್ತಿಗೆ ಕೇಳಿದರು. ನಮ್ಮಮ್ಮನದೂ ಅದೇ ರಾಗ. ಆಸ್ಪತ್ರೆಯ ಬಿಲ್ಲು ಕಟ್ಟುತ್ತಿದ್ದುದು ಆ ಸಂಬಳವೇ ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ನಾನು ರಾಜೀನಾಮೆ ಕೊಡಲಿಲ್ಲ. ಅದೇನೂ ಧೈರ್ಯವಲ್ಲ, ಇಬ್ಬರು ಮಕ್ಕಳು ಓದುತ್ತಿದ್ದರು, ಅಷ್ಟೆ.

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅವರ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಒಂಬತ್ತಕ್ಕೆ ಬರುತ್ತಿದ್ದ ಹೆಂಗಸಿನ ಕೈಗೆ ಒಪ್ಪಿಸಿ ಬಸ್ಸಿಗೆ ಓಡುತ್ತಿದ್ದೆ. ಆ ಹೆಂಗಸಿನ ಮನೆಯಲ್ಲೂ ಹಾಸಿಗೆ ಹಿಡಿದ ಮಾವನಿದ್ದ, ಅವನನ್ನು ನೋಡಿಕೊಳ್ಳಲು ಅವಳು ಮಗಳನ್ನು ಶಾಲೆ ಬಿಡಿಸಿದ್ದಳು ಎಂದು ನನಗೆ ತಿಳಿದದ್ದು ಎರಡು ವರ್ಷದ ನಂತರ. ತರಗತಿಯಲ್ಲಿ ಪ್ರತಿ ವರ್ಷ ಒಂದು ಉದಾಹರಣೆ ಹೇಳುತ್ತಿದ್ದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ ಹೇಳಿದ್ದು: ಗಂಡಸೊಬ್ಬ ತನ್ನ ಮನೆಗೆಲಸದಾಕೆಯನ್ನೇ ಮದುವೆಯಾದರೆ ದೇಶದ ವರಮಾನ ಕಡಿಮೆಯಾಗುತ್ತದೆ. ಅವಳು ಮಾಡುವ ಕೆಲಸವೆಲ್ಲ ಹಾಗೆಯೇ ಇರುತ್ತದೆ, ಸಂಬಳ ಮಾತ್ರ ನಿಲ್ಲುತ್ತದೆ. ಹುಡುಗಿಯರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆ ವರ್ಷದಿಂದ ಮುಂದೆ ನನಗೆ ನಗು ಬರಲಿಲ್ಲ.

ದೌರ್ಜನ್ಯದ ಬಗ್ಗೆ ಬರೆಯುವ ಈ ಪತ್ರಿಕೆಯಲ್ಲಿ ಇನ್ನೊಂದನ್ನು ಮುಚ್ಚಿಡಬಾರದು. ಒಂದು ರಾತ್ರಿ ಅವರು ಮೂರನೇ ಸಲ ಹಾಸಿಗೆ ಒದ್ದೆ ಮಾಡಿಕೊಂಡಾಗ ನಾನು ಅವರ ಸ್ವಾಧೀನವಿಲ್ಲದ ಕೈಗೆ ಹೊಡೆದೆ. ಅವರಿಗೆ ನೋವಾಗಿರಲಿಕ್ಕಿಲ್ಲ. ಆದರೆ ನೋಡಿದರು. ಬೆಳಿಗ್ಗೆ ಎಂಟು ಗಂಟೆಗೆ ಪ್ರಥಮ ಬಿ.ಎ. ತರಗತಿ ಇತ್ತು, ಹೋಗಿ ಪಾಠ ಮಾಡಿದೆ. ಅವರು 2014ರಲ್ಲಿ ತೀರಿಕೊಂಡರು. ಆ ನೋಟ ಇನ್ನೂ ಹೋಗಿಲ್ಲ. ದಣಿದ ಮೈ ಯಾರ ಮೇಲೆ ಕೈ ಎತ್ತುತ್ತದೆ ಎಂದು ನನಗೆ ಗೊತ್ತಾದದ್ದು ಹಾಗೆ. ಆದ್ದರಿಂದಲೇ ಯಾರಾದರೂ ಹೆಂಡತಿಯನ್ನು "ಸಹನೆಯ ಮೂರ್ತಿ" ಎಂದು ಹೊಗಳಿದರೆ ನನಗೆ ಭಯವಾಗುತ್ತದೆ.

ಈಗ ನಮ್ಮ ಸದಸ್ಯೆಯ ಲೆಕ್ಕಕ್ಕೆ ಬರೋಣ. ಗೆಳತಿಯರೇ, ಇದನ್ನು ನೀವೂ ಸಂಘದಲ್ಲಿ ಸೀಮೆಸುಣ್ಣ ಹಿಡಿದು ಮಾಡಿ ನೋಡಿ. ಶೇಕಡ 75ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ನಮ್ಮ ರಾಜ್ಯದಲ್ಲಿ ತಿಂಗಳಿಗೆ 1,400 ರೂಪಾಯಿ ಮಾಸಾಶನ. ಶೇಕಡ 40ರಿಂದ 75ರ ಒಳಗಿದ್ದರೆ 800. ಗಂಡನಿಗೆ 1,400 ಬರುತ್ತಿತ್ತು. ಆದರೆ ಇದಕ್ಕೆ ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ದಾಟಬಾರದು. ಅಂದರೆ ತಿಂಗಳಿಗೆ 2,666. ಅವಳಿಗೆ ಗಾರ್ಮೆಂಟ್ಸಿನಲ್ಲಿ ಕೈಗೆ ಬರುತ್ತಿದ್ದುದು ಹನ್ನೊಂದು ಸಾವಿರ ಚಿಲ್ಲರೆ. "ನಿನ್ನ ಹೆಸರು ಪಿ.ಎಫ್.ನಲ್ಲಿ ಇದೆ, ಆದಾಯ ಪತ್ರ ಹೊಸದು ಮಾಡಿಸಿದರೆ ಗಂಡನ ಮಾಸಾಶನ ನಿಲ್ಲುತ್ತದೆ" ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ಮನೆಯಲ್ಲಿ ಅತ್ತೆ ಅದನ್ನೇ ಹಿಡಿದುಕೊಂಡರು. ಅವನ ಹೆಸರಿಗೆ ಬರುವುದು ಸರ್ಕಾರದ ದುಡ್ಡು, ಅದನ್ನು ಕಳೆಯಬಾರದು, ಇವಳು ಮನೆಯಲ್ಲಿರಲಿ. ಅಲ್ಲಿಗೆ ತೀರ್ಮಾನವಾಯಿತು.

1,400 ಉಳಿಸಲು 11,000 ಬಿಟ್ಟಳು! ಅಷ್ಟೇ ಅಲ್ಲ. ಕಾರ್ಖಾನೆಯಲ್ಲಿ ಇ.ಎಸ್.ಐ. ಇತ್ತು. ಇ.ಎಸ್.ಐ.ನಲ್ಲಿ ಹೆಂಡತಿ ನೌಕರಳಾಗಿದ್ದರೆ ಗಂಡನಿಗೂ ಚಿಕಿತ್ಸೆ ಉಂಟು. ಅವನ ಮೂತ್ರದ ಪೈಪು, ಸೋಂಕಿನ ಔಷಧಿ, ಆಸ್ಪತ್ರೆ ವಾಸ ಎಲ್ಲವೂ ಅವಳ ದುಡಿಮೆಯ ಹೆಸರಿನಲ್ಲಿ ನಡೆದಿದ್ದವು. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಪೀಸ್ ಲೆಕ್ಕದಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಅದು ಯಾವ ಕಾಗದದಲ್ಲೂ ಇಲ್ಲ, ಆದ್ದರಿಂದ ಸರ್ಕಾರದ ಕಣ್ಣಿಗೆ ಅವಳು ದುಡಿಯುತ್ತಿರಲಿಲ್ಲ. ನಿಯಮವೊಂದು ಬಡವರಿಗೆಂದು ಮಾಡಿದ್ದು, ಹೆಂಗಸನ್ನು ಪಿ.ಎಫ್., ಇ.ಎಸ್.ಐ. ಇರುವ ಕೆಲಸದಿಂದ ತೆಗೆದು ಯಾವ ರಕ್ಷಣೆಯೂ ಇಲ್ಲದ ಕೆಲಸಕ್ಕೆ ತಳ್ಳುತ್ತದೆ. ಅಂಗವಿಕಲನ ಹಸಿವನ್ನು ಅವನ ಹೆಂಡತಿಯ ಕೂಲಿಯಿಂದ ಅಳೆಯುವುದು ಯಾವ ನ್ಯಾಯ? ಅವನಿಗೆ ಬೇಕಾದ ಗಾಲಿಕುರ್ಚಿ, ಡೈಪರು, ಆಟೊ ಬಾಡಿಗೆ ಅವಳು ದುಡಿದರೆ ಕಡಿಮೆಯಾಗುತ್ತವೆಯೇ?

ಬೆನ್ನುಹುರಿಗೆ ಪೆಟ್ಟಾದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಬೆಡ್‌ಸೋರ್ ಎನ್ನುತ್ತಾರಲ್ಲ, ಆ ಹುಣ್ಣು ಮೂಳೆಯವರೆಗೂ ಹೋಗಬಹುದು. ರಾತ್ರಿಯೂ ಹೀಗೆಯೇ. ಇದು ಕೆಲಸವಲ್ಲವೇ? ಆಸ್ಪತ್ರೆಯಲ್ಲಿ ಇದನ್ನೇ ಮಾಡುವವಳಿಗೆ ಸಂಬಳ ಕೊಡುತ್ತಾರೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಹಾಸಿಗೆ ಹಿಡಿದವರಿರುವ ಮನೆಯ ಹೆಂಗಸಿಗೆ ಈ ಲೆಕ್ಕ ಎಲ್ಲಿ ಸಾಕು? ಅಂಗವಿಕಲ ಎಂಬ ಹೆಸರು ಸರಿಯಲ್ಲವೆಂದು ವಿಕಲಚೇತನ ಮಾಡಿದರು, ವಿಶೇಷಚೇತನ ಮಾಡಿದರು, ದಿವ್ಯಾಂಗ ಎಂದೂ ಆಯಿತು. ಅವರನ್ನು ಎತ್ತಿ ಇಳಿಸುವವಳಿಗೆ ನಮ್ಮೂರಲ್ಲಿ ಒಂದು ಹೆಸರೂ ಇಲ್ಲ. ಹೆಂಡತಿ ಎನ್ನುತ್ತಾರೆ, ಮುಗಿಯಿತು. ಹಾಸಿಗೆ ಹಿಡಿದವಳು ಹೆಂಡತಿಯಾದರೆ? ವರ್ಷ ತುಂಬುವುದರೊಳಗೆ ಗಂಡನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಶುರುವಾದ ಮನೆಗಳನ್ನು ನಾನು ಬಲ್ಲೆ.

ಅವಳ ಮದುವೆಯಲ್ಲಿ ತವರಿನವರು ಒಡವೆ, ಬೈಕು ಎರಡೂ ಕೊಟ್ಟಿದ್ದರು. ಗಂಡ ಬಿದ್ದ ವರ್ಷವೇ ಒಡವೆ ಆಸ್ಪತ್ರೆಗೆ ಹೋಯಿತು. ಬೈಕು ಮೈದುನನ ಹತ್ತಿರ ಇದೆ. ಆದರೂ ಅತ್ತೆಯ ಬಾಯಲ್ಲಿ "ನಿನ್ನ ಕಾಲ್ಗುಣ" ಎಂಬ ಮಾತು ತಪ್ಪಿಲ್ಲ. ಮಾಸಾಶನದ ಎ.ಟಿ.ಎಂ. ಕಾರ್ಡು ಅತ್ತೆಯ ಬಳಿ. ಪಡಿತರ ಚೀಟಿಯಲ್ಲಿ ಯಜಮಾನಿ ಅತ್ತೆಯೇ, ಹಾಗಾಗಿ 2023ರಿಂದ ಬಂದ ಗೃಹಲಕ್ಷ್ಮಿಯ 2,000 ಕೂಡ ಅವರಿಗೇ. ಗಂಡನಾದರೋ ಮಲಗಿದಲ್ಲಿಂದಲೇ ತಟ್ಟೆ ಎಸೆಯುತ್ತಿದ್ದ, ಕಾರ್ಖಾನೆಯ ಗಾಡಿ ಹತ್ತು ನಿಮಿಷ ತಡವಾದರೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಅವನ ಸಂಕಟ ನನಗೆ ಅರ್ಥವಾಗದೆ ಇಲ್ಲ. ಆದರೆ ಕಾಲಿಲ್ಲದವನ ಬೈಗುಳವೂ ಬೈಗುಳವೇ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ ಮೈಮೇಲಿನ ಏಟನ್ನು ಮಾತ್ರ ಹಿಂಸೆ ಎನ್ನುವುದಿಲ್ಲ. ಮಾತಿನ ಹಿಂಸೆ, ಆರ್ಥಿಕ ಹಿಂಸೆ ಎರಡೂ ಅದರಲ್ಲಿವೆ. ಉದ್ಯೋಗಕ್ಕೆ ಹೋಗದಂತೆ ತಡೆಯುವುದನ್ನೂ ಅದರ ನಿಯಮಗಳ ನಮೂನೆಯಲ್ಲಿ ಬರೆದಿದ್ದಾರೆ. ಅವಳು ದೂರು ಕೊಡಲು ಒಪ್ಪಲಿಲ್ಲ. "ಮಲಗಿರೋನ ಮೇಲೆ ಕೇಸ್ ಹಾಕುದ್ರೆ ಜನ ಏನಂದಾರು ಮೇಡಂ?" ಅವಳ ಮಾತನ್ನು ನಾವು ಮೀರಲಿಲ್ಲ.

ಅವನು ಬಿದ್ದಾಗ ಮೇಸ್ತ್ರಿ ಸ್ವಲ್ಪ ಹಣ ಕೊಟ್ಟು ಬಿಳಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದ. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪ್ರಕಾರ ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ ಎಂಬ ಅಂಥ ಕರಾರಿಗೆ ಬೆಲೆಯೇ ಇರಲಿಲ್ಲ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ನಮಗೆ ವಿಷಯ ತಿಳಿಯುವ ಹೊತ್ತಿಗೆ ಅವಧಿ ಮೀರಿತ್ತು. ಗಾರೆ ಕೆಲಸದವರ ಮನೆಯ ಸೋದರಿಯರು ಇದನ್ನು ನೆನಪಿಡಿ.

ಅವಳು ಮತ್ತೆ ಕಾರ್ಖಾನೆಗೆ ಹೋಗಬೇಕೆಂದು ಸಂಘ ಹೇಳುವುದು ಸುಲಭವಿತ್ತು. ಮಧ್ಯಾಹ್ನ ಮಗ್ಗುಲು ಬದಲಿಸುವವರು ಯಾರು? ನಾವು ನಾವೇ ಪಾಳಿ ಹಾಕಿಕೊಳ್ಳೋಣ ಎಂದೆ. "ಪರ ಗಂಡಸಿನ ಮೈ ಹೆಂಗ್ ಮುಟ್ಟಾದು ಮೇಡಂ?" ಎಂದು ಒಬ್ಬಳು ಕೇಳಿದಳು. ನನಗೆ ಇದು ಹೊಳೆದಿರಲೇ ಇಲ್ಲ. ಆಮೇಲೆ ಇನ್ನೊಬ್ಬಳು, ಹೆಚ್ಚು ಓದದವಳು, "ಅವ್ನ ತಮ್ಮ ಇಲ್ವಾ?" ಎಂದಳು. ಇಪ್ಪತ್ತಾರು ವರ್ಷದ ಮೈದುನ ಅದೇ ಮನೆಯಲ್ಲಿದ್ದ, ಅತ್ತಿಗೆಯ ತವರಿನವರು ಕೊಟ್ಟ ಬೈಕಿನಲ್ಲಿ ಓಡಾಡುತ್ತಿದ್ದ, ನಮ್ಮ ಯಾರ ಲೆಕ್ಕಕ್ಕೂ ಬಂದಿರಲಿಲ್ಲ! ಎಂಟು ಜನ ಹೋಗಿ ಕೂತೆವು. "ಅದೆಲ್ಲಾ ಹೆಂಗುಸ್ರು ಕೆಲ್ಸ" ಎಂದ. ಬೈಕು ಯಾರದ್ದೆಂದು ನಮ್ಮ ಹಿರಿಯ ಸದಸ್ಯೆ ಕೇಳಿದರು. ಗಂಡನ ಸೇವೆಯ ಮಾತಾಡಿದ್ದರಲ್ಲ, ಅವರೇ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಎರಡು ದಿನ ಬಂದು ಅವನಿಗೆ ಮಗ್ಗುಲು ಬದಲಿಸುವುದನ್ನು ತೋರಿಸಿಕೊಟ್ಟರು. ಈಗ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ ಅವನು. ನಾಲ್ಕಕ್ಕೆ ಅತ್ತೆ. ಅವಳು 2024ರ ಯುಗಾದಿಯ ನಂತರ ಅದೇ ಕಾರ್ಖಾನೆಗೆ ಹೊಸಬಳಾಗಿ ಸೇರಿದಳು. ಹಳೆಯ ಸೇವೆ ಲೆಕ್ಕಕ್ಕಿಲ್ಲ. ಮೈದುನ ವಾರಕ್ಕೊಮ್ಮೆಯಾದರೂ ತಪ್ಪಿಸುತ್ತಾನೆ, ಆ ದಿನ ಅವಳ ಫೋನು ನನಗೆ ಬರುತ್ತದೆ.

ಮಾಸಾಶನ ನಿಂತಿತು. ಅದಕ್ಕೆ ನಾವು ಬಿಟ್ಟಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 24ನೇ ಪ್ರಕರಣದಲ್ಲಿ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆ ಭತ್ಯೆ ಕೊಡುವ ಮಾತು ಇದೆ. ಕೇರಳದಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಎಂಬ ಯೋಜನೆಯಡಿ ತಿಂಗಳಿಗೆ 600 ರೂಪಾಯಿ ಗೊತ್ತು ಮಾಡಿದ್ದಾರೆ. ಕಡಿಮೆಯೇ, ಆದರೆ ಅದು ನೋಡಿಕೊಳ್ಳುವವಳಿಗೆಂದು ಇಟ್ಟ ಹಣ. ನಮ್ಮ ರಾಜ್ಯ 2024–25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆ ಮಾಡುವವರಿಗೆ 1,000 ರೂಪಾಯಿ ಘೋಷಿಸಿತು. ಸಾರುವೆಯಿಂದ ಬಿದ್ದವನ ಹೆಂಡತಿ ಆ ಪಟ್ಟಿಯಲ್ಲಿ ಇಲ್ಲ. ಲಕ್ವ ಹೊಡೆದವನ ಹೆಂಡತಿಯೂ ಇಲ್ಲ.

ನಮ್ಮ ಅರ್ಜಿಯಲ್ಲಿ ಎರಡೇ ಬೇಡಿಕೆ. ಅಂಗವಿಕಲರ ಮಾಸಾಶನಕ್ಕೆ ಆದಾಯ ನೋಡುವಾಗ ಅವರ ಆರೈಕೆ ಮಾಡುವವಳ ಕೂಲಿಯನ್ನು ಸೇರಿಸಬಾರದು. ಆರೈಕೆಗೆ ಭತ್ಯೆ ಕೊಡುವುದಾದರೆ ಅವಳ ಹೆಸರಿನ ಖಾತೆಗೇ ಹಾಕಬೇಕು, ಪಡಿತರ ಚೀಟಿಯ ಯಜಮಾನಿಯ ಖಾತೆಗಲ್ಲ. ಮೂವತ್ತೊಂದು ಸಹಿ ಆಗಿದೆ, ಐದು ಹೆಬ್ಬೆಟ್ಟು. ಮೈದುನನೂ ಸಹಿ ಹಾಕಿದ್ದಾನೆ, ಅತ್ತೆ ಹಾಕಿಲ್ಲ. ನಕಲು ಸಂಘದ ಪೆಟ್ಟಿಗೆಯಲ್ಲಿದೆ. ಬೇರೆ ಊರಿನ ಸಂಘದವರು ಕೇಳಿದರೆ ಬರೆದು ಕಳಿಸುತ್ತೇವೆ.