ಜೋಳಿಗೆಗೆ ಬೆತ್ತವೂ ಬೀಳಲಿ



ಆಗಸ್ಟ್ 1 ವ್ಯಸನಮುಕ್ತ ದಿನ. ಇಳಕಲ್ ಚಿತ್ತರಗಿ ಸಂಸ್ಥಾನ ಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳ ಜನ್ಮದಿನ. ಪೂಜ್ಯರು ಕಾಣಿಕೆಗಾಗಿ ಜೋಳಿಗೆ ಹಿಡಿದವರಲ್ಲ. ಊರೂರು, ಕೇರಿಕೇರಿ ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಎಷ್ಟೋ ಮನೆಗಳ ಒಲೆ ಮತ್ತೆ ಹೊತ್ತಿದ್ದು ಆ ಜೋಳಿಗೆಯಿಂದ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಕಾರ್ಯಕ್ರಮದಲ್ಲಿ ನಡುವಯಸ್ಸಿನ ರೈತರೊಬ್ಬರು ಕುಡಿತ ಬಿಡುವ ಪ್ರಮಾಣ ಮಾಡಿದರು. ಅದು ಅವರ ಮೂರನೆಯ ಪ್ರಮಾಣ. ಪ್ರಸಾದದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತು ಮೆಲ್ಲಗೆ ಹೇಳಿದರು: “ಬಿಡಬೇಕಂತೀನ್ರಿ ಸಾಹೇಬ್ರ. ಆದ್ರ ಕುಡೀದಿದ್ರ ನಿದ್ದಿ ಹತ್ತೂದಿಲ್ಲ. ಕಣ್ಣ ಮುಚ್ಚಿದ್ರ ನಮ್ಮಪ್ಪ ಬಾರಕೋಲ ಹಿಡಕೊಂಡು ಬಾಗಲದಾಗ ನಿಂತಂಗ ಆಗತೈತ್ರಿ.” ಅವರ ತಂದೆ ತೀರಿಕೊಂಡು 30 ವರ್ಷವಾಗಿತ್ತು.

ನಾನು ಎರೆಮಣ್ಣಿನ ಸೀಮೆಯಲ್ಲಿ ಕಾಲುವೆ ಕೆಲಸ ಮಾಡಿಸಿದವನು. ಲೈನಿಂಗ್ ಬಿರುಕು ಬಿಟ್ಟಾಗಲೆಲ್ಲ ಸಿಮೆಂಟ್ ತೇಪೆ ಹಾಕಿಸುತ್ತಿದ್ದೆವು. ಮರುವರ್ಷ ಅಲ್ಲೇ ಮತ್ತೆ ಬಿರುಕು. ದೋಷ ಸಿಮೆಂಟಿನದಲ್ಲ, ಅದರ ಹಿಂದೆ ನೀರು ಹೀರಿ ಉಬ್ಬುವ ಮಣ್ಣಿನದು. ಆ ಮಣ್ಣು ತೆಗೆದು, ಉಬ್ಬದ ಮಣ್ಣು ತುಂಬಿ ಗಟ್ಟಿ ಮಾಡಿದ ಮೇಲೆಯೇ ಲೈನಿಂಗ್ ನಿಲ್ಲುತ್ತದೆ. ನಾವು ಮಾಡಿಸುವ ಪ್ರಮಾಣಗಳೂ ಎಷ್ಟೋ ಸಲ ಬರೀ ತೇಪೆಗಳು.

ಹಿಂದಿನ ಮಣ್ಣು ಯಾವುದೆಂದು ತೋರಿಸುವ ಅಧ್ಯಯನಗಳಿವೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಲಾಯಿತು. ಹೊಡೆತ, ನಿಂದನೆ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲಿನ ಹಲ್ಲೆ, ಮನೆಯಲ್ಲಿ ಕುಡುಕರಿರುವುದು ಮುಂತಾದವುಗಳಲ್ಲಿ ನಾಲ್ಕನ್ನಾದರೂ ಕಂಡವರಿಗೆ ಮದ್ಯವ್ಯಸನ, ಮಾದಕವ್ಯಸನ, ಖಿನ್ನತೆ, ಆತ್ಮಹತ್ಯಾ ಯತ್ನಗಳ ಅಪಾಯ, ಒಂದನ್ನೂ ಕಾಣದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು. ಅಮೆರಿಕದ್ದೇ ಇನ್ನೊಂದು ಅಧ್ಯಯನ, 1967ರಿಂದ 1971ರ ನಡುವೆ ದೌರ್ಜನ್ಯ ಅಥವಾ ನಿರ್ಲಕ್ಷ್ಯ ನ್ಯಾಯಾಲಯದಲ್ಲಿ ದೃಢಪಟ್ಟ 908 ಮಕ್ಕಳ ಬದುಕನ್ನು ಮುಂದೆ ದಶಕಗಳ ಕಾಲ ಗಮನಿಸಿತು. 2007ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹೀಗಿದೆ: ನಡುವಯಸ್ಸಿಗೆ ಬಂದಾಗ ನೊಂದ ಹೆಣ್ಣುಮಕ್ಕಳಲ್ಲಿ ಅತಿಕುಡಿತ ಇತರ ಹೆಣ್ಣುಮಕ್ಕಳಿಗಿಂತ ಹೆಚ್ಚಿತ್ತು. ಗಂಡಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನನಗನಿಸುವುದಿಷ್ಟು: ಗಂಡಸು ಕುಡಿಯಲು ನೋವೇ ಬೇಕಿಲ್ಲ, ಗೆಳೆಯರ ಗುಂಪು ಸಾಕು. ಹೆಣ್ಣುಮಗಳು ಕುಡಿತಕ್ಕೆ ಬಿದ್ದಿದ್ದರೆ ಬಯ್ಯುವ ಮೊದಲು ಅವಳ ಬಾಲ್ಯವನ್ನು ಕೇಳಬೇಕು.

ನಮ್ಮ ದೇಶದ ಚಿತ್ರ ಬೇರೆಯೇನಲ್ಲ. ಕೇಂದ್ರ ಸರ್ಕಾರ 2007ರ ತನ್ನ ವರದಿಗಾಗಿ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿದಾಗ ಮೂವರಲ್ಲಿ ಇಬ್ಬರು ದೈಹಿಕ ದೌರ್ಜನ್ಯ ಅನುಭವಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು, ಗಂಡುಮಕ್ಕಳೂ ಸೇರಿ, ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಕಂಡಿದ್ದರು. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಗಂಡಸರಲ್ಲಿ ಶೇ. 27.3, ಹೆಂಗಸರಲ್ಲಿ ಶೇ. 1.6 ಮಂದಿ ಮದ್ಯ ಸೇವಿಸುತ್ತಾರೆ. ಆ ಸಣ್ಣ ಸಂಖ್ಯೆಯ ಹಿಂದಿನ ಹೆಣ್ಣುಮಗಳು ಜೋಳಿಗೆಯ ಮುಂದೆ ಬಂದು ನಿಂತದ್ದನ್ನು ನಾನಂತೂ ಕಂಡಿಲ್ಲ. ಊರಿನೆದುರು ಅವಳು ಬರುವುದಾದರೂ ಹೇಗೆ?

ಪೆಟ್ಟು ತಿಂದವರೆಲ್ಲ ಕುಡುಕರಾಗುವುದಿಲ್ಲ. ಕುಡಿಯುವವರೆಲ್ಲ ಪೆಟ್ಟು ತಿಂದವರೂ ಅಲ್ಲ. ಹಣೆಬರಹವನ್ನು ಒಪ್ಪದ ಶರಣರ ಮಕ್ಕಳು ನಾವು. ಆದರೆ ಅಪಾಯ ಗೊತ್ತಿದ್ದೂ ಸುಮ್ಮನಿದ್ದರೆ ತಪ್ಪು ನಮ್ಮದೇ.

ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಮಗ ಎಂಟನೆಯ ತರಗತಿಯಲ್ಲಿ ಗಣಿತದಲ್ಲಿ ಹಿಂದೆ ಬಿದ್ದಾಗ ಸ್ಕೇಲಿನಿಂದ ಬಾಸುಂಡೆ ಬರುವಂತೆ ಹೊಡೆದೆ. ಮರುದಿನ ಬೆಳಿಗ್ಗೆ ಅದೇ ಕೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆಗೆ ಕುಳಿತೆ. ಏನೂ ಅನಿಸಲಿಲ್ಲ. ಮಗ ಕುಡುಕನಾಗಲಿಲ್ಲ, ಆದರೆ ಇಂದಿಗೂ ನನ್ನೊಡನೆ ಮನಬಿಚ್ಚಿ ಮಾತಾಡುವುದಿಲ್ಲ.

ಆದ್ದರಿಂದ ಮಠಗಳಿಗೂ ಶರಣ ಬಂಧುಗಳಿಗೂ ಕೆಲವು ವಿನಂತಿಗಳು. ಪ್ರಮಾಣ ಮಾಡಿದವರನ್ನು ಅಲ್ಲಿಗೇ ಬಿಡಬೇಡಿ. ಏಕಾಂತದಲ್ಲಿ ಕೂಡಿಸಿಕೊಂಡು ಅವರ ಬಾಲ್ಯವನ್ನು ಕೇಳಿಸಿಕೊಳ್ಳಿ. ಹೆಣ್ಣುಮಕ್ಕಳ ಮಾತನ್ನು ಅಕ್ಕನ ಬಳಗದ ತಾಯಂದಿರೇ ಕೇಳಲಿ, ಅದು ಅಲ್ಲಿಂದ ಹೊರಗೆ ಹೋಗದಿರಲಿ. ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಅವರನ್ನು ವೈದ್ಯರ ಬಳಿ ಕರೆದೊಯ್ಯಿರಿ. ಮನಸ್ಸಿನ ನೋವಿಗೆ ಟೆಲಿ ಮಾನಸ್‌ನ 14416 ಉಚಿತ ಕರೆ ಇದೆ.

ನಮ್ಮ ಪ್ರಸಾದ ನಿಲಯಗಳಲ್ಲಿ ಬೆತ್ತ ಇರಕೂಡದು. ಅಲ್ಲಿನ ಮಗುವೊಂದು ಲೈಂಗಿಕ ದೌರ್ಜನ್ಯದ ಮಾತಾಡಿದರೆ ಮಠದ ಮಾನದ ಹೆಸರಿನಲ್ಲಿ ಅದರ ಬಾಯಿ ಮುಚ್ಚಿಸಬಾರದು. 2012ರ ಪೋಕ್ಸೊ ಕಾಯ್ದೆಯಂತೆ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಪ್ರತಿ ನಿಲಯದ ಗೋಡೆಯ ಮೇಲೆ, ಮಗುವಿನ ಕಣ್ಣಿಗೆ ಬೀಳುವ ಎತ್ತರದಲ್ಲಿರಲಿ. ಮಗುವಿಗೆ ಲಿಂಗಧಾರಣೆಯಾಗುವ ದಿನ ತಂದೆತಾಯಿಗಳೂ ಅದರ ಮೇಲೆ ಕೈಯೆತ್ತುವುದಿಲ್ಲವೆಂದು ಗುರುಗಳ ಮುಂದೆ ಮಾತು ಕೊಡಲಿ.

ಹೆಂಡ ಮಾರುತ್ತಿದ್ದ ಮಾರಯ್ಯನನ್ನೂ ಶರಣರು ತಮ್ಮವನೆಂದು ಅಪ್ಪಿಕೊಂಡರು. ಮುಂದಿನ ಆಗಸ್ಟ್ 1ರಂದು ಜೋಳಿಗೆ ನಿಮ್ಮ ಬಾಗಿಲಿಗೆ ಬಂದಾಗ ಮನೆಯ ಬೆತ್ತವನ್ನೂ ಅದರಲ್ಲಿ ಹಾಕಿ. ನಾನು ನನ್ನ ಸ್ಕೇಲನ್ನು ತರುತ್ತೇನೆ.